ಸಮೀಕರಣವಿಲ್ಲದ ಗದ್ದೆ: ಕರ್ವ್ ಕೆಳಗಿನ ವಿಸ್ತೀರ್ಣಕ್ಕೆ ವಿಧಾನ ಆರಿಸುವುದು ಹೇಗೆ?

ನಮ್ಮ ಮನೆಯ ಕೆಳಗಿನ ಗದ್ದೆಗೆ ಮೂರು ಕಡೆ ನೇರ ಬದು, ನಾಲ್ಕನೇ ಕಡೆ ತೋಡು, ಎಂದರೆ ಸಣ್ಣ ಹಳ್ಳ. ಆ ತೋಡು ಅದೇ ಕಡೆಯ ಹಳೆಯ ಬದುವಿನಿಂದಾಚೆಗೆ ಹೊಟ್ಟೆ ಬಿಟ್ಟಂತೆ ಬಾಗಿ, ಅರವತ್ತು ಮೀಟರ್ ಆಚೆ ಮತ್ತೆ ಬದುವಿಗೇ ಬಂದು ಸೇರುತ್ತದೆ. ಪಾಲಿನ ಮಾತು ಬಂದಾಗ, ಬದುವಿಗೂ ತೋಡಿಗೂ ನಡುವಿನ ಆ ತುಂಡು ಎಷ್ಟು ಸೆಂಟು ಎಂಬ ಪ್ರಶ್ನೆ ಎದ್ದಿತು. ಮನೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳಿದ್ದಳು. ಇಂಟಿಗ್ರೇಷನ್ ಲೆಕ್ಕಗಳನ್ನು ಪಟಪಟನೆ ಬಿಡಿಸುವವಳು. ಟೇಪಿನ ಒಂದು ತುದಿ ಹಿಡಿದು ತೋಡಿನ ಅಂಚಿನಲ್ಲಿ ನಿಂತವಳು ಕೇಳಿದಳು: "ಇದರ ಸಮೀಕರಣ ಎಲ್ಲಿದೆ?"

ಅದು ಸರಿಯಾದ ಪ್ರಶ್ನೆ. ತರಗತಿಯಲ್ಲಿ ನಾವು ವಿಧಾನಗಳನ್ನು ಒಂದೊಂದಾಗಿ ಕಲಿಸುತ್ತೇವೆ. ಸಬ್‌ಸ್ಟಿಟ್ಯೂಷನ್ ಪಾಠದ ಕೊನೆಗೆ ಸಬ್‌ಸ್ಟಿಟ್ಯೂಷನ್ ಲೆಕ್ಕಗಳು, ಬೈ ಪಾರ್ಟ್ಸ್ ಪಾಠದ ಕೊನೆಗೆ ಬೈ ಪಾರ್ಟ್ಸ್ ಲೆಕ್ಕಗಳು. ಯಾವ ದಾರಿ ಹಿಡಿಯಬೇಕೆಂದು ಶೀರ್ಷಿಕೆಯೇ ಹೇಳಿಬಿಡುವುದರಿಂದ, ಆರಿಸುವ ಕೆಲಸ ವಿದ್ಯಾರ್ಥಿಯ ಪಾಲಿಗೆ ಬರುವುದೇ ಇಲ್ಲ. ಪರೀಕ್ಷೆಯಲ್ಲೋ ಗದ್ದೆಯಲ್ಲೋ ಶೀರ್ಷಿಕೆ ಇಲ್ಲದ ಪ್ರಶ್ನೆ ಎದುರಾದಾಗ ಕೈ ನಿಂತುಹೋಗುತ್ತದೆ. ನಾನು ಇಲ್ಲಿ ಬರೆಯುತ್ತಿರುವುದು ಆ ಆಯ್ಕೆಯ ಬಗ್ಗೆ ಮಾತ್ರ. ಇಂಟಿಗ್ರೇಷನ್ ಸೂತ್ರಗಳು ನಿಮಗೆ ಗೊತ್ತಿವೆ ಎಂದುಕೊಂಡಿದ್ದೇನೆ.

ಮೊದಲು: ಕೈಯಲ್ಲಿ ಏನಿದೆ?

ಕರ್ವ್ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಮೊದಲು, ಅದರ ಬಗ್ಗೆ ನಿಮಗೆ ಏನು ಕೊಡಲಾಗಿದೆ ಎಂದು ಕೇಳಿಕೊಳ್ಳಿ. ಸಮೀಕರಣ ಇದ್ದರೆ ಒಂದು ದಾರಿ. ನಿರ್ದಿಷ್ಟ ಅಂತರದಲ್ಲಿ ತೆಗೆದ ಅಳತೆಗಳ ಪಟ್ಟಿ ಮಾತ್ರ ಇದ್ದರೆ ಬೇರೆ ದಾರಿ. ಗಡಿಯ ಸುತ್ತ ಗುರುತಿಸಿದ ಬಿಂದುಗಳಿದ್ದರೆ ಮೂರನೆಯದು. ನಮ್ಮ ತೋಡಿನಂಚಿಗೆ ಸಮೀಕರಣವಿಲ್ಲ, ಹುಡುಕಬೇಕಾಗಿಯೂ ಇಲ್ಲ. ಅಳತೆಗೆ ಒಗ್ಗುವ ಸಮೀಕರಣವನ್ನು ಮೊದಲು ಕಟ್ಟಿ, ಆಮೇಲೆ ಅದನ್ನು ಇಂಟಿಗ್ರೇಟ್ ಮಾಡಲು ಹೊರಡುವವರನ್ನು ನೋಡಿದ್ದೇನೆ. ಹೆಚ್ಚಿನ ಸಲ ಅದು ಸುತ್ತುದಾರಿ. ಅಳತೆಗಳಿಂದಲೇ ನೇರವಾಗಿ ವಿಸ್ತೀರ್ಣ ಸಿಗುತ್ತದೆ, ಆ ಲೆಕ್ಕ ಮುಂದೆ ಬರುತ್ತದೆ.

ಸಮೀಕರಣ ಇದೆಯೇ? ಆದರೂ ಚಿತ್ರ ಬರೆಯಿರಿ

ಇದನ್ನು ಬಿಟ್ಟವರು ಕಳೆದುಕೊಳ್ಳುವ ಅಂಕಗಳು ಬೇರೆ ಯಾವ ತಪ್ಪಿನಿಂದ ಕಳೆದುಕೊಳ್ಳುವುದಕ್ಕಿಂತಲೂ ಹೆಚ್ಚು. ವೈ = ಎಕ್ಸ್³ − 4ಎಕ್ಸ್ ಎಂಬ ಕರ್ವ್‌ಗೂ ಎಕ್ಸ್ ಅಕ್ಷಕ್ಕೂ ನಡುವಿನ ವಿಸ್ತೀರ್ಣವನ್ನು −2ರಿಂದ 2ರವರೆಗೆ ಕೇಳಿದ್ದಾರೆ ಎನ್ನಿ. ಚಿತ್ರ ನೋಡದೆ ನೇರ ಇಂಟಿಗ್ರೇಟ್ ಮಾಡಿದರೆ ಉತ್ತರ ಸೊನ್ನೆ ಬರುತ್ತದೆ. ಕಣ್ಣಿಗೆ ಕಾಣುವ ಜಾಗ ಸೊನ್ನೆ ಆಗುವುದು ಹೇಗೆ? −2ರಿಂದ 0ವರೆಗೆ ಕರ್ವ್ ಅಕ್ಷದ ಮೇಲಿದೆ, 0ಯಿಂದ 2ರವರೆಗೆ ಕೆಳಗಿದೆ. ಇಂಟಿಗ್ರಲ್ ಕೆಳಗಿನದನ್ನು ಮೈನಸ್ ಎಂದು ಎಣಿಸುತ್ತದೆ. ಮೇಲಿನ ಭಾಗ 4, ಕೆಳಗಿನ ಭಾಗವೂ 4, ಒಟ್ಟು ವಿಸ್ತೀರ್ಣ 8.

ಹಾಗಾಗಿ ಕರ್ವ್ ಅಕ್ಷವನ್ನು ಎಲ್ಲೆಲ್ಲಿ ದಾಟುತ್ತದೆ ಎಂಬುದನ್ನು ಮೊದಲು ಕಂಡುಹಿಡಿದು ಗುರುತು ಹಾಕಿ. ಎರಡು ಕರ್ವ್‌ಗಳ ನಡುವಿನ ಜಾಗವಾದರೆ ಅವೆರಡೂ ಎಲ್ಲಿ ಕೂಡುತ್ತವೆ ಎಂಬುದನ್ನು ಗುರುತಿಸಿ. ಚಿತ್ರ ಅಂದವಾಗಿರಬೇಕಿಲ್ಲ. ಎಲ್ಲಿ ಮೇಲೆ, ಎಲ್ಲಿ ಕೆಳಗೆ, ಎಲ್ಲಿ ಕೂಡುತ್ತದೆ, ಇಷ್ಟು ತಿಳಿದರೆ ಸಾಕು.

ಚಿತ್ರ ಬರೆದ ಕೂಡಲೇ ಇನ್ನೊಂದು ಕೆಲಸ ಮಾಡಿ. ಆ ಜಾಗವನ್ನು ಪೂರ್ತಿ ಒಳಗೆ ಹಿಡಿಯುವ ಆಯತವೊಂದನ್ನು ಪೆನ್ಸಿಲ್ಲಿನಲ್ಲಿ ಎಳೆದು, ಅದರ ವಿಸ್ತೀರ್ಣವನ್ನು ಅಂಚಿನಲ್ಲಿ ಬರೆದಿಡಿ. ನಿಮ್ಮ ಉತ್ತರ ಅದಕ್ಕಿಂತ ದೊಡ್ಡದಾಗಲು ಸಾಧ್ಯವೇ ಇಲ್ಲ. ಕೊನೆಗೆ ಲೆಕ್ಕ ಎಲ್ಲೋ ತಪ್ಪಿದೆ ಎಂದು ತಿಳಿಸಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಇಂಟಿಗ್ರೇಷನ್ ಬೇಕೇ ಬೇಕೇ?

ವೈ = √(16 − ಎಕ್ಸ್²) ಎಂಬುದರ ಕೆಳಗೆ 0ಯಿಂದ 4ರವರೆಗಿನ ವಿಸ್ತೀರ್ಣ ಕೇಳಿದಾಗ, ಎಕ್ಸ್ = 4 ಸೈನ್ ಥೀಟಾ ಎಂದು ಇಟ್ಟುಕೊಂಡು ಅರ್ಧ ಪುಟ ಬರೆಯುವವರಿದ್ದಾರೆ. ಚಿತ್ರ ಬರೆದಿದ್ದರೆ ಅದು 4 ತ್ರಿಜ್ಯದ ಕಾಲು ವೃತ್ತ ಎಂದು ಗೊತ್ತಾಗುತ್ತಿತ್ತು. ಉತ್ತರ 4 ಪೈ, ಸುಮಾರು 12.57. ಅರ್ಧ ಅಕ್ಷಗಳು 5 ಮತ್ತು 3 ಇರುವ ಎಲಿಪ್ಸ್ ಎಂದರೆ ಒಂದು ದಿಕ್ಕಿನಲ್ಲಿ ಎಳೆದ ವೃತ್ತ. ಆದ್ದರಿಂದ ವಿಸ್ತೀರ್ಣ 15 ಪೈ. ಪರೀಕ್ಷೆಯಲ್ಲಿ ಇಂಟಿಗ್ರೇಷನ್‌ನಿಂದಲೇ ತೋರಿಸಿ ಎಂದು ಕೇಳಿದ್ದರೆ ಹಂತಗಳನ್ನು ಬರೆಯಲೇಬೇಕು, ಆದರೆ ಉತ್ತರ ಮೊದಲೇ ಗೊತ್ತಿರುವವರ ಕೈ ತಪ್ಪು ಹಂತಕ್ಕೆ ಹೋಗುವುದಿಲ್ಲ.

ಪ್ಯಾರಾಬೊಲಾಗೂ ಇಂಥದೇ ಒಂದು ಹಳೆಯ ಸೌಲಭ್ಯವಿದೆ. ಅದನ್ನು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಆರ್ಕಿಮಿಡೀಸ್ ಸಾಧಿಸಿ ತೋರಿಸಿದ. ಪ್ಯಾರಾಬೊಲಾವನ್ನು ಒಂದು ನೇರ ಗೆರೆ ಕತ್ತರಿಸಿದಾಗ ಸಿಗುವ ತುಂಡಿನ ವಿಸ್ತೀರ್ಣ, ಅದೇ ತಳ ಮತ್ತು ಅದೇ ಎತ್ತರದ ತ್ರಿಕೋನದ 4/3ರಷ್ಟು. ವೈ = 4 − ಎಕ್ಸ್² ತೆಗೆದುಕೊಳ್ಳಿ: ತಳ 4, ಎತ್ತರ 4, ತ್ರಿಕೋನ 8. ಆದ್ದರಿಂದ ವಿಸ್ತೀರ್ಣ 32/3. ಇಂಟಿಗ್ರೇಟ್ ಮಾಡಿದರೂ ಅಷ್ಟೇ ಬರುತ್ತದೆ, ನೋಡಿಕೊಳ್ಳಿ.

ಎಡಬಲ ಸಮವಾಗಿದ್ದರೆ ಅರ್ಧ ಮಾಡಿ ಎರಡರಿಂದ ಗುಣಿಸಿ. ಇದರಲ್ಲಿ ಹೆಚ್ಚು ಹೇಳುವುದೇನಿಲ್ಲ, ಆದರೆ ಅಭ್ಯಾಸವಾಗಬೇಕು.

ಪಟ್ಟಿಯನ್ನು ಯಾವ ಕಡೆಗೆ ಸೀಳಬೇಕು?

ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಇಲ್ಲಿದೆ. ಸೌದೆ ಸೀಳುವವರು ಕೊಡಲಿ ಎತ್ತುವ ಮೊದಲು ನಾರಿನ ದಿಕ್ಕು ನೋಡುತ್ತಾರೆ. ವಿಸ್ತೀರ್ಣವೂ ಹಾಗೆಯೇ: ಜಾಗವನ್ನು ಸಪೂರ ಪಟ್ಟಿಗಳಾಗಿ ಸೀಳಿ ಕೂಡಿಸುವುದೇ ಇಂಟಿಗ್ರೇಷನ್. ನಿಲುವಾಗಿ ಸೀಳಿದರೆ ಎಕ್ಸ್‌ನಲ್ಲಿ ಇಂಟಿಗ್ರೇಷನ್, ಅಡ್ಡಲಾಗಿ ಸೀಳಿದರೆ ವೈನಲ್ಲಿ. ಪಠ್ಯದ ಹೆಚ್ಚಿನ ಲೆಕ್ಕಗಳು ನಿಲುವಿಗೇ ಒಗ್ಗುವುದರಿಂದ ವಿದ್ಯಾರ್ಥಿಗಳಿಗೆ ಎರಡನೆಯದು ನೆನಪಿಗೇ ಬರುವುದಿಲ್ಲ.

ಎಕ್ಸ್ = ವೈ² ಎಂಬ ಅಡ್ಡ ಮಲಗಿದ ಪ್ಯಾರಾಬೊಲಾ, ಎಕ್ಸ್ = ವೈ + 2 ಎಂಬ ನೇರ ಗೆರೆ. ಇವೆರಡರ ನಡುವಿನ ಜಾಗ ಬೇಕು. ವೈ = −1 ಮತ್ತು ವೈ = 2 ಇರುವಲ್ಲಿ ಅವು ಕೂಡುತ್ತವೆ. ನಿಲುವಾಗಿ ಸೀಳಲು ಹೊರಟರೆ ಎಕ್ಸ್ 0ಯಿಂದ 1ರವರೆಗೆ ಪಟ್ಟಿಯ ಎರಡೂ ತುದಿ ಪ್ಯಾರಾಬೊಲಾದ ಮೇಲೆ. 1 ದಾಟಿದ ಮೇಲೆ ಮೇಲ್ತುದಿ ಪ್ಯಾರಾಬೊಲಾದಲ್ಲಿ, ಕೆಳತುದಿ ಗೆರೆಯ ಮೇಲೆ. ಎಂದರೆ ಎರಡು ಇಂಟಿಗ್ರಲ್, ಜೊತೆಗೆ ವರ್ಗಮೂಲಗಳು. ಮೊದಲ ಭಾಗ 4/3, ಎರಡನೇ ಭಾಗ 19/6, ಕೂಡಿಸಿದರೆ 9/2.

ಈಗ ಅಡ್ಡಲಾಗಿ ಸೀಳಿ. ಎಲ್ಲ ಪಟ್ಟಿಗಳೂ ಎಡಕ್ಕೆ ಪ್ಯಾರಾಬೊಲಾದಿಂದ ಶುರುವಾಗಿ ಬಲಕ್ಕೆ ಗೆರೆಯಲ್ಲಿ ಮುಗಿಯುತ್ತವೆ. ಪಟ್ಟಿಯ ಉದ್ದ ವೈ + 2 − ವೈ². −1ರಿಂದ 2ರವರೆಗೆ ಒಂದೇ ಇಂಟಿಗ್ರಲ್, ವರ್ಗಮೂಲವಿಲ್ಲ, ಉತ್ತರ ಅದೇ 9/2. ಎರಡು ಸಾಲಿನ ಕೆಲಸ.

ದಿಕ್ಕು ನಿರ್ಧರಿಸಲು ನಾನು ಮಕ್ಕಳಿಗೆ ಹೇಳುವುದು ಇಷ್ಟು: ಪೆನ್ನನ್ನು ಚಿತ್ರದ ಮೇಲೆ ನಿಲುವಾಗಿ ಇಟ್ಟು ಎಡದಿಂದ ಬಲಕ್ಕೆ ಸರಿಸಿ. ಅದರ ಎರಡು ತುದಿ ಮುಟ್ಟುವ ಗಡಿಗಳು ನಡುವೆ ಎಲ್ಲಾದರೂ ಬದಲಾದವೇ? ಬದಲಾದರೆ ಪೆನ್ನನ್ನು ಅಡ್ಡ ಮಲಗಿಸಿ ಕೆಳಗಿನಿಂದ ಮೇಲಕ್ಕೆ ಸರಿಸಿ ನೋಡಿ. ಯಾವ ಕಡೆ ಗಡಿ ಬದಲಾಗುವುದು ಕಡಿಮೆಯೋ ಆ ಕಡೆಗೆ ಸೀಳಿ.

ದಿಕ್ಕು ಬದಲಿಸುವುದರಿಂದ ಇನ್ನೊಂದು ಲಾಭವೂ ಇದೆ. ವೈ = ಲಾಗ್ ಎಕ್ಸ್ ಕೆಳಗೆ 1ರಿಂದ ಇ ವರೆಗಿನ ವಿಸ್ತೀರ್ಣ ಕೇಳಿದರೆ, ನಿಲುವಾಗಿ ಸೀಳಿದವರಿಗೆ ಬೈ ಪಾರ್ಟ್ಸ್ ಬೇಕು. ಅಡ್ಡಲಾಗಿ ಸೀಳಿದರೆ ಪಟ್ಟಿಯ ಉದ್ದ ಇ − ಇ^ವೈ. ಇದು ಯಾರಿಗೂ ಬರುವ ಇಂಟಿಗ್ರಲ್. 0ಯಿಂದ 1ರವರೆಗೆ ಲೆಕ್ಕ ಹಾಕಿದರೆ ಇ − (ಇ − 1), ಅಂದರೆ ಸರಿಯಾಗಿ 1. ಕಷ್ಟದ ಫಂಕ್ಷನ್ ಸಿಕ್ಕಿದಾಗ ಅದರ ಇನ್ವರ್ಸ್ ಸುಲಭವೇ ಎಂದು ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಇನ್ವರ್ಸ್ ಸೈನ್, ಇನ್ವರ್ಸ್ ಟ್ಯಾನ್ ಬಂದಾಗಲೂ ಇದೇ ಉಪಾಯ ಕೈ ಹಿಡಿಯುತ್ತದೆ.

ಸೂತ್ರಗಳ ಸಾಲು

ದಿಕ್ಕು ನಿರ್ಧಾರವಾದ ಮೇಲೆ ಇಂಟಿಗ್ರೇಷನ್ ತಂತ್ರ. ಇದನ್ನು ಪಠ್ಯ ಚೆನ್ನಾಗಿಯೇ ಕಲಿಸುತ್ತದೆ, ನಾನು ಬೇಗ ದಾಟುತ್ತೇನೆ. ಒಳಗೊಂದು ಫಂಕ್ಷನ್ ಇದ್ದು ಅದರ ಡೆರಿವೇಟಿವ್ ಪಕ್ಕದಲ್ಲೇ ಗುಣಿಸಿಕೊಂಡಿದ್ದರೆ ಸಬ್‌ಸ್ಟಿಟ್ಯೂಷನ್. ಎಕ್ಸ್/(ಎಕ್ಸ್² + 1) ಎಂಬುದರಲ್ಲಿ ಛೇದದ ಡೆರಿವೇಟಿವ್ 2ಎಕ್ಸ್, ಅಂಶದಲ್ಲಿ ಎಕ್ಸ್ ಇದೆ. 0ಯಿಂದ 2ರವರೆಗೆ ಉತ್ತರ ಅರ್ಧ ಲಾಗ್ 5, ಸುಮಾರು 0.80. ಮಿತಿಗಳನ್ನೂ ಹೊಸ ಅಕ್ಷರಕ್ಕೆ ಬದಲಿಸಿಬಿಡಿ. ಇಲ್ಲಿ 0 ಮತ್ತು 2 ಹೋಗಿ 1 ಮತ್ತು 5 ಆಗುತ್ತವೆ, ಹಿಂದಕ್ಕೆ ತಿರುಗುವ ಕೆಲಸವೇ ಇಲ್ಲ. ಬೇರೆ ಬೇರೆ ಜಾತಿಯ ಎರಡು ಫಂಕ್ಷನ್‌ಗಳ ಗುಣಲಬ್ಧವಾದರೆ, ಎಕ್ಸ್ ಇ^ಎಕ್ಸ್ ಅಥವಾ ಎಕ್ಸ್ ಸೈನ್ ಎಕ್ಸ್ ಹಾಗೆ, ಬೈ ಪಾರ್ಟ್ಸ್. ಪಾಲಿನೋಮಿಯಲ್ ಮೇಲೆ ಪಾಲಿನೋಮಿಯಲ್ ಇದ್ದು ಛೇದ ಅಪವರ್ತನವಾಗುವುದಾದರೆ ಪಾರ್ಶಿಯಲ್ ಫ್ರ್ಯಾಕ್ಷನ್.

ಸಮೀಕರಣ ಕೈಯಲ್ಲಿದ್ದರೂ ಈ ಯಾವ ಬಾಗಿಲೂ ತೆರೆಯದ ಕರ್ವ್‌ಗಳಿವೆ. ಇ^(−ಎಕ್ಸ್²) ಅವುಗಳಲ್ಲಿ ಹೆಸರುವಾಸಿ. ನಾವು ಬಲ್ಲ ಫಂಕ್ಷನ್‌ಗಳಿಂದ ಅದರ ಆಂಟಿಡೆರಿವೇಟಿವ್ ಬರೆಯಲು ಆಗುವುದಿಲ್ಲ ಎಂಬುದು ಸಾಧಿಸಲಾದ ಸತ್ಯ, ನಿಮ್ಮ ಬುದ್ಧಿಯ ಕೊರತೆಯಲ್ಲ. ಅಲ್ಲಿ ಅಳತೆಗಳ ದಾರಿಗೇ ಬರಬೇಕು: 0ಯಿಂದ 1ರವರೆಗೆ ನಾಲ್ಕು ಪಟ್ಟಿ ಮಾಡಿ, ಐದು ಬೆಲೆ ಲೆಕ್ಕಹಾಕಿ, ಸಿಂಪ್ಸನ್ ನಿಯಮಕ್ಕೆ (ಇದರ ವಿವರ ಮುಂದೆ ಬರುತ್ತದೆ) ಹಾಕಿದರೆ 0.74686 ಬರುತ್ತದೆ. ನಿಜವಾದ ಬೆಲೆ 0.74682. ಐದೇ ಬೆಲೆಗಳಿಂದ ಇಷ್ಟು ಹತ್ತಿರ!

ಅಳತೆ ಮಾತ್ರ ಇದ್ದಾಗ: ತೋಡಿನಂಚಿನ ಲೆಕ್ಕ

ಈಗ ಗದ್ದೆಗೆ ಬರೋಣ. ಹಳೆಯ ಬದು ನೇರವಾಗಿದೆ, ಅದೇ ನಮ್ಮ ಎಕ್ಸ್ ಅಕ್ಷ. ಅದರ ಮೇಲೆ ಹತ್ತು ಹತ್ತು ಮೀಟರಿಗೆ ಗೂಟ ಹೊಡೆದು, ಪ್ರತಿ ಗೂಟದಿಂದ ಬದುವಿಗೆ ಲಂಬವಾಗಿ ತೋಡಿನ ಅಂಚಿನವರೆಗೆ ಟೇಪು ಹಿಡಿದೆವು. ಲಂಬ ಎನ್ನುವುದು ಮುಖ್ಯ. 3, 4, 5 ಅಡಿಯ ಹಗ್ಗದ ತ್ರಿಕೋನ ಮಾಡಿಕೊಂಡರೆ ಲಂಬಕೋನ ಸಿಗುತ್ತದೆ. ಏಳು ಅಳತೆಗಳು ಮೀಟರಿನಲ್ಲಿ ಹೀಗಿದ್ದವು:

0, 8.2, 12.6, 14.0, 13.1, 9.4, 0

ಮೊದಲು ಟ್ರೆಪಿಜಿಯಂ ನಿಯಮ. ಪಕ್ಕಪಕ್ಕದ ಎರಡು ಗೂಟಗಳ ನಡುವೆ ತೋಡಿನ ಅಂಚು ನೇರ ಎಂದುಕೊಳ್ಳುವುದು. ಲೆಕ್ಕ ಸುಲಭ: ಮೊದಲ ಮತ್ತು ಕೊನೆಯ ಅಳತೆಯ ಅರ್ಧ, ನಡುವಿನವು ಪೂರ್ತಿ, ಎಲ್ಲ ಕೂಡಿಸಿ ಅಂತರದಿಂದ ಗುಣಿಸಿ. ಕೂಡಿದರೆ 57.3, ಹತ್ತರಿಂದ ಗುಣಿಸಿದರೆ 573 ಚದರ ಮೀಟರ್. ಒಂದು ಸೆಂಟು 40.47 ಚದರ ಮೀಟರ್. ಹಾಗಾಗಿ 14.16 ಸೆಂಟು.

ಆದರೆ ತೋಡು ಹೊರಗೆ ಉಬ್ಬಿದೆ. ಉಬ್ಬಿದ ಅಂಚಿನ ಎರಡು ಬಿಂದುಗಳನ್ನು ನೇರ ಗೆರೆಯಿಂದ ಸೇರಿಸಿದರೆ ಗೆರೆ ಅಂಚಿನ ಒಳಗೇ ಉಳಿಯುತ್ತದೆ. ಗೆರೆಗೂ ತೋಡಿಗೂ ನಡುವೆ ಸಣ್ಣ ಸಣ್ಣ ಚೂರುಗಳು ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಎಂದರೆ ನಮ್ಮ 573 ಕಡಿಮೆ. ಅಂಚು ಒಳಕ್ಕೆ ಬಾಗಿದ್ದರೆ ಟ್ರೆಪಿಜಿಯಂ ಹೆಚ್ಚು ತೋರಿಸುತ್ತಿತ್ತು. ಯಾರ ಪಾಲಿಗೆ ಯಾವ ಕಡೆ ಹೋಗುತ್ತದೆ ಎಂಬ ಮಾತು ಬರುವಾಗ ಇದು ಸಣ್ಣ ವಿಷಯವಲ್ಲ.

ಸಿಂಪ್ಸನ್ ನಿಯಮ ಎರಡೆರಡು ಪಟ್ಟಿಗಳನ್ನು ಒಟ್ಟಿಗೆ ತೆಗೆದುಕೊಂಡು, ಮೂರು ಬಿಂದುಗಳ ಮೂಲಕ ಪ್ಯಾರಾಬೊಲಾ ಹಾಯಿಸುತ್ತದೆ. ಇಂಗ್ಲೆಂಡಿನ ಥಾಮಸ್ ಸಿಂಪ್ಸನ್ (1710–1761) ಹೆಸರಿನಲ್ಲಿದ್ದರೂ, ಅದಕ್ಕೂ ಬಹಳ ಮೊದಲೇ, 1615ರಲ್ಲಿ, ದ್ರಾಕ್ಷಾರಸದ ಪೀಪಾಯಿಗಳ ಗಾತ್ರದ ಬಗ್ಗೆ ಬರೆದ ಕೆಪ್ಲರ್ ಇದೇ ಬಗೆಯ ಲೆಕ್ಕ ಬಳಸಿದ್ದ. ನಿಯಮ: ಮೊದಲ ಮತ್ತು ಕೊನೆಯದು ಒಂದೊಂದು ಸಲ, ನಡುವಿನವು 4, 2, 4, 2, 4 ಎಂದು ಪರ್ಯಾಯವಾಗಿ, ಎಲ್ಲ ಕೂಡಿಸಿ ಅಂತರದ ಮೂರನೇ ಒಂದರಿಂದ ಗುಣಿಸಿ. ನಾಲ್ಕು ಸಲ ಬರುವವು 8.2, 14.0, 9.4, ಒಟ್ಟು 31.6. ಎರಡು ಸಲ ಬರುವವು 12.6, 13.1, ಒಟ್ಟು 25.7. 126.4 ಮತ್ತು 51.4 ಕೂಡಿ 177.8. ಅದನ್ನು 10/3ರಿಂದ ಗುಣಿಸಿದರೆ 592.7 ಚದರ ಮೀಟರ್, 14.65 ಸೆಂಟು. ಒಂದೇ ಅಳತೆಗಳು, ಎರಡು ನಿಯಮ, ಅರ್ಧ ಸೆಂಟಿನ ವ್ಯತ್ಯಾಸ.

ಈ 1, 4, 2, 4 ಎಲ್ಲಿಂದ ಬಂತು ಎಂದು ಹುಡುಗಿ ಕೇಳಿದಳು. ಅದಕ್ಕೆ ನನಗೆ ತುಂಬ ಇಷ್ಟವಾದ ಉತ್ತರವೊಂದಿದೆ. ಒಂದು ಬಿಟ್ಟು ಒಂದು ಗೂಟದ ಅಳತೆ ಮಾತ್ರ ಇಟ್ಟುಕೊಳ್ಳಿ: 0, 12.6, 13.1, 0. ಅಂತರ ಇಪ್ಪತ್ತು ಮೀಟರ್. ಟ್ರೆಪಿಜಿಯಂ ಲೆಕ್ಕ 514. ಅಂತರ ಹತ್ತಕ್ಕೆ ಇಳಿದಾಗ 573. ಎಂದರೆ 59 ಹೆಚ್ಚಿತು. ನಯವಾದ ಕರ್ವ್‌ನಲ್ಲಿ ಅಂತರ ಅರ್ಧವಾದಾಗ ಟ್ರೆಪಿಜಿಯಂನ ತಪ್ಪು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಿದ್ದರೆ ಈಗ ಹೆಚ್ಚಿದ್ದು ಹಳೆಯ ತಪ್ಪಿನ ಮುಕ್ಕಾಲು, ಉಳಿದಿರುವುದು ಕಾಲು, ಅಂದರೆ ಹೆಚ್ಚಿದ್ದರ ಮೂರನೇ ಒಂದು ಭಾಗ: 19.67. ಅದನ್ನು 573ಕ್ಕೆ ಕೂಡಿಸಿ. 592.67! ಸಿಂಪ್ಸನ್ ಕೊಟ್ಟ ಉತ್ತರವೇ. ಎರಡು ಒರಟು ಲೆಕ್ಕಗಳನ್ನು ಪಕ್ಕದಲ್ಲಿಟ್ಟು ಮೂರನೆಯ ನಯವಾದ ಲೆಕ್ಕ ಹೊರಡಿಸುವುದೇ ಸಿಂಪ್ಸನ್ ನಿಯಮ. ಸೂತ್ರ ಮರೆತುಹೋದರೂ ಈ ದಾರಿಯಲ್ಲಿ ಮತ್ತೆ ತಲುಪಬಹುದು.

ಉತ್ತರವನ್ನು ಎಷ್ಟು ನಂಬಬೇಕು? ಅಂತರವನ್ನು ಇನ್ನೊಮ್ಮೆ ಅರ್ಧ ಮಾಡಿ ನೋಡುವುದೊಂದೇ ದಾರಿ. ಮರುದಿನ ನಡುವೆ ನಡುವೆ ಗೂಟ ಹೊಡೆದು ಆರು ಹೊಸ ಅಳತೆ ತೆಗೆದೆವು: 4.9, 10.8, 13.6, 13.9, 11.8, 5.6. ಐದು ಮೀಟರ್ ಅಂತರದಲ್ಲಿ ಟ್ರೆಪಿಜಿಯಂ 589.5ಕ್ಕೆ ಹಾರಿತು. ಸಿಂಪ್ಸನ್ 592.7ರಿಂದ 595.0ಕ್ಕೆ ಮಾತ್ರ ಸರಿಯಿತು. ಎರಡು ಚಿಲ್ಲರೆ ಚದರ ಮೀಟರ್, ಒಂದು ಸೆಂಟಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಗೆ ನಿಲ್ಲಿಸಿ 14.7 ಸೆಂಟು ಎಂದು ಬರೆದೆವು. ತೋಡಿನ ಅಂಚೇ ಒಂದು ಮಳೆಗಾಲಕ್ಕೆ ಅದಕ್ಕಿಂತ ಹೆಚ್ಚು ಕೊರೆಯುತ್ತದೆ, ಇನ್ನೂ ಸೂಕ್ಷ್ಮಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ಸಿಂಪ್ಸನ್‌ಗೆ ಪಟ್ಟಿಗಳ ಸಂಖ್ಯೆ ಸಮವಾಗಿರಬೇಕು, ಎಂದರೆ ಅಳತೆಗಳು ಬೆಸ. ಅಂತರವೂ ಒಂದೇ ಆಗಿರಬೇಕು. ಕೊನೆಗೊಂದು ಪಟ್ಟಿ ಹೆಚ್ಚಾಗಿ ಉಳಿದರೆ ಅದನ್ನು ಮಾತ್ರ ಟ್ರೆಪಿಜಿಯಂನಿಂದ ಮಾಡಿ ಕೂಡಿಸಬಹುದು. ಅಂಚು ತುದಿಯಲ್ಲಿ ಗಕ್ಕನೆ ತಿರುಗುವ ಜಾಗದಲ್ಲಿ ಎರಡೂ ನಿಯಮಗಳು ಎಡವುತ್ತವೆ. ಅಲ್ಲಿ ಬದುವನ್ನು ಭಾಗ ಮಾಡಿ, ಆ ಭಾಗಕ್ಕೆ ಹತ್ತಿರ ಹತ್ತಿರ ಗೂಟ ಹೊಡೆಯಿರಿ.

ಪಟ್ಟಿ ಮಾಡಿ ಕೂಡಿಸುವುದನ್ನು ಯುರೋಪಿನ ವಿದ್ಯೆ ಎಂದುಕೊಳ್ಳಬೇಡಿ. ನಮ್ಮ ಕೊಡಗಿನಿಂದ ಮಾಕುಟ್ಟ ಘಾಟಿ ಇಳಿದರೆ ಸಿಗುವ ಮಲಯಾಳ ನಾಡಿನಲ್ಲಿ, ಇನ್ನೂ ದಕ್ಷಿಣಕ್ಕೆ, 14ನೇ ಶತಮಾನದ ಮಾಧವ ಮತ್ತು ಅವನ ಶಿಷ್ಯಪರಂಪರೆ ಇಂಥ ಸಣ್ಣ ತುಂಡುಗಳ ಮೊತ್ತದಿಂದಲೇ ಪೈ ಬೆಲೆಗೆ ಅನಂತ ಸರಣಿ ಕಂಡುಹಿಡಿದಿತ್ತು. ನ್ಯೂಟನ್ ಮತ್ತು ಲೈಬ್ನಿಟ್ಸ್‌ಗಿಂತ ಸುಮಾರು ಮುನ್ನೂರು ವರ್ಷ ಮೊದಲು.

ಕರ್ವ್ ಕೆಳಗೆ ನೀರು

ವಿಸ್ತೀರ್ಣ ಎಂದರೆ ನೆಲವೇ ಆಗಬೇಕಿಲ್ಲ. ಮಳೆಗಾಲದಲ್ಲಿ ಹಾರಂಗಿ ಜಲಾಶಯದ ಒಳಹರಿವು ಇಷ್ಟು ಕ್ಯೂಸೆಕ್ ಎಂದು ದಿನವೂ ಓದುತ್ತೇವೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಅಡ್ಡಕ್ಕೆ ದಿನ, ಎತ್ತರಕ್ಕೆ ಕ್ಯೂಸೆಕ್ ಹಾಕಿ ಗ್ರಾಫ್ ಬರೆದರೆ ಅದರ ಕೆಳಗಿನ ವಿಸ್ತೀರ್ಣವೇ ಬಂದ ನೀರು. ಒಂದು ದಿನಕ್ಕೆ 86,400 ಸೆಕೆಂಡು, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾಗಿ 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ.

ಐದು ಬೆಳಗ್ಗೆಗಳ ಒಳಹರಿವು 2,000, 6,000, 14,000, 20,000, 16,000 ಎಂದು ಇಟ್ಟುಕೊಳ್ಳಿ. ಟ್ರೆಪಿಜಿಯಂನಿಂದ 49,000, ಭಾಗಿಸಿದರೆ 4.23 ಟಿಎಂಸಿ. ಸಿಂಪ್ಸನ್‌ನಿಂದ 50,000, ಅಂದರೆ 4.32. ಇಲ್ಲಿ ನಾನು ಟ್ರೆಪಿಜಿಯಂ ಅನ್ನೇ ಹಿಡಿಯುತ್ತೇನೆ. ತೋಡಿನ ಅಂಚು ಎರಡು ಗೂಟಗಳ ನಡುವೆ ನಯವಾಗಿ ಬಾಗುವುದನ್ನು ಕಣ್ಣಾರೆ ಕಂಡಿದ್ದೆವು. ಹೊಳೆ ಹಾಗಲ್ಲ. ಪುಷ್ಪಗಿರಿ ಕಡೆ ರಾತ್ರಿ ಸುರಿದ ಒಂದು ಮಳೆಗೆ ನಡುರಾತ್ರಿ ಏರಿ ಬೆಳಗಾಗುವಷ್ಟರಲ್ಲಿ ಇಳಿಯಬಹುದು. ದಿನಕ್ಕೊಂದೇ ಅಳತೆ ಇರುವಾಗ ನಡುವೆ ಪ್ಯಾರಾಬೊಲಾ ಇದೆ ಎಂದು ಊಹಿಸುವುದಕ್ಕೆ ಆಧಾರವಿಲ್ಲ. ಹೆಚ್ಚು ನಿಖರತೆ ಬೇಕಿದ್ದರೆ ಗಂಟೆಗೊಮ್ಮೆ ತೆಗೆದ ಅಳತೆ ಕೇಳಬೇಕು. ನಿಯಮ ಬದಲಿಸಿ ಪ್ರಯೋಜನವಿಲ್ಲ.

ನೇರ ಅಂಚೇ ಇಲ್ಲದ ಜಾಗ

ಸುತ್ತಲೂ ಬಾಗಿರುವ ದಿಬ್ಬದ ತಲೆಯಂಥ ಜಾಗಕ್ಕೆ ಎಕ್ಸ್ ಅಕ್ಷ ಎಲ್ಲಿಂದ ತರುವುದು? ಅಲ್ಲಿ ಪಟ್ಟಿ ಬಿಟ್ಟು, ಹಲಸಿನ ಹೋಳಿನಂತೆ ನಡುವಿನಿಂದ ಕತ್ತರಿಸಬೇಕು. ಪೋಲಾರ್ ಎನ್ನುವುದು ಇದನ್ನೇ. ಪ್ರತಿ ಹೋಳು ಒಂದು ಸಪೂರ ತ್ರಿಕೋನ, ಆದ್ದರಿಂದ ಸೂತ್ರ ಅರ್ಧ ಆರ್², ಥೀಟಾದಲ್ಲಿ ಇಂಟಿಗ್ರೇಟ್ ಮಾಡಿದ್ದು (ಆರ್ ಎಂದರೆ ನಡುವಿನಿಂದ ಅಂಚಿಗಿರುವ ದೂರ, ಥೀಟಾ ಎಂದರೆ ತಿರುಗಿದ ಕೋನ). ಸಮೀಕರಣದಲ್ಲಿ ಎಕ್ಸ್² + ವೈ² ಪದೇ ಪದೇ ಬರುತ್ತಿದ್ದರೆ, ಅಥವಾ ಆರ್ = ಎ(1 + ಕಾಸ್ ಥೀಟಾ) ಎಂದು ನೇರ ಕೊಟ್ಟಿದ್ದರೆ, ಇದೇ ದಾರಿ. ಈ ಹೃದಯಾಕಾರದ ಕರ್ವ್‌ನ ವಿಸ್ತೀರ್ಣ 3 ಪೈ ಎ²/2.

ಅಳತೆಗಳಿಗೂ ಇದು ನಡೆಯುತ್ತದೆ. ನಡುವೆ ಒಂದು ಗೂಟ ನೆಟ್ಟು, ಎಂಟು ದಿಕ್ಕಿಗೆ ಅಂಚಿನವರೆಗೆ ಅಳೆಯಿರಿ. 12, 14, 15, 13, 10, 9, 11, 12 ಮೀಟರ್ ಬಂದವೆನ್ನಿ. ಪ್ರತಿಯೊಂದನ್ನೂ ವರ್ಗ ಮಾಡಿ, ಸರಾಸರಿ ತೆಗೆದು (147.5), ಪೈಯಿಂದ ಗುಣಿಸಿದರೆ 463.4 ಚದರ ಮೀಟರ್. ಬಹಳ ಜನ ಮೊದಲು ಸರಾಸರಿ ತೆಗೆದು (12) ಆಮೇಲೆ ವರ್ಗ ಮಾಡುತ್ತಾರೆ, 452.4 ಬರುತ್ತದೆ. ಅದು ಯಾವಾಗಲೂ ಕಡಿಮೆಯೇ ಬರುವ ತಪ್ಪು. ವರ್ಗ ಮೊದಲು, ಸರಾಸರಿ ಆಮೇಲೆ.

ಬಿಂದುಗಳಿದ್ದರೆ, ಮತ್ತು ಇಳಿಜಾರಿದ್ದರೆ

ಮೊಬೈಲ್ ಹಿಡಿದು ತೋಟದ ಸುತ್ತ ನಡೆದರೆ ಎಕರೆ ತೋರಿಸುವ ಆ್ಯಪ್‌ಗಳು ಬಳಸುವುದು ಮೂರನೆಯ ದಾರಿ. ಗಡಿಯ ಪ್ರತಿ ಬಿಂದುವಿಗೂ ಒಂದು ಜೋಡಿ ಸಂಖ್ಯೆ. ಒಂದು ಬಿಂದುವಿನ ಎಕ್ಸ್ ಅನ್ನು ಮುಂದಿನದರ ವೈಯಿಂದ ಗುಣಿಸಿ, ಮುಂದಿನದರ ಎಕ್ಸ್ ಅನ್ನು ಇದರ ವೈಯಿಂದ ಗುಣಿಸಿದ್ದನ್ನು ಕಳೆಯಿರಿ. ಸುತ್ತು ಪೂರ್ತಿಯಾಗುವವರೆಗೆ ಕೂಡಿಸಿ ಅರ್ಧ ಮಾಡಿ. (0, 0), (40, 0), (50, 30), (10, 40) ಎಂಬ ನಾಲ್ಕು ಮೂಲೆಗಳಿಗೆ ಮೊತ್ತ 2,900, ವಿಸ್ತೀರ್ಣ 1,450. ಬಿಂದುಗಳನ್ನು ಗಡಿಯ ಕ್ರಮದಲ್ಲೇ ತೆಗೆದುಕೊಳ್ಳಬೇಕು, ಮೈನಸ್ ಬಂದರೆ ನೀವು ಗಡಿಯಾರದ ದಿಕ್ಕಿನಲ್ಲಿ ಸುತ್ತಿದ್ದೀರಿ ಎಂದಷ್ಟೇ ಅರ್ಥ. ಎಕರೆಗಟ್ಟಲೆ ತೋಟಕ್ಕೆ ಈ ಆ್ಯಪ್ ಲೆಕ್ಕ ಸಾಕು. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ತೋರಿಸುವುದು ಸಾಮಾನ್ಯ, ನೆರಳುಮರಗಳ ಕೆಳಗೆ ಇನ್ನೂ ಹೆಚ್ಚು. ಹದಿನಾಲ್ಕು ಮೀಟರ್ ಅಗಲದ ನಮ್ಮ ತೋಡಿನ ತುಂಡಿಗೆ ಅದನ್ನು ನಂಬಲಾಗುವುದಿಲ್ಲ. ಅಲ್ಲಿ ಟೇಪೇ ಸೈ.

ಟೇಪಿಗೂ ಒಂದು ಷರತ್ತಿದೆ, ಕೊಡಗಿನವರಿಗೆ ಇದು ಬಹಳ ಮುಖ್ಯ. ಜಮೀನಿನ ದಾಖಲೆಯಲ್ಲಿರುವ ವಿಸ್ತೀರ್ಣ ಮಟ್ಟಸ ಅಳತೆಯದು, ಇಳಿಜಾರಿನ ಮೈಮೇಲಿನದ್ದಲ್ಲ. ಗದ್ದೆ ಮಟ್ಟಸವಾಗಿರುವುದರಿಂದ ನಮಗೆ ತೊಂದರೆಯಾಗಲಿಲ್ಲ. ಕಾಫಿ ತೋಟದಲ್ಲಿ, 20 ಡಿಗ್ರಿ ಇಳಿಜಾರಿನ ಮೇಲೆ ಟೇಪನ್ನು ನೆಲಕ್ಕೆ ಒತ್ತಿ 10 ಮೀಟರ್ ಅಳೆದರೆ ಮಟ್ಟಸದಲ್ಲಿ ಅದು 9.4 ಮೀಟರ್ ಮಾತ್ರ. ಎಲ್ಲ ಲಂಬ ಅಳತೆಗಳೂ ಇಳಿಜಾರಿನ ದಿಕ್ಕಿನಲ್ಲಿದ್ದರೆ, ಸಿಂಪ್ಸನ್ ಎಷ್ಟೇ ನಯವಾಗಿ ಲೆಕ್ಕ ಹಾಕಿದರೂ ವಿಸ್ತೀರ್ಣ ನೂರಕ್ಕೆ ಆರರಷ್ಟು ಹೆಚ್ಚು ಬರುತ್ತದೆ. ಟೇಪು ಹಿಡಿದವರಲ್ಲಿ ಒಬ್ಬರು ಮೇಲಿನ ಗೂಟದ ಬುಡದಲ್ಲಿ ಕೂರಲಿ, ಇನ್ನೊಬ್ಬರು ಇಳಿಜಾರಿನಲ್ಲಿ ಕೆಳಗೆ ನಿಂತು ಟೇಪನ್ನು ಮಟ್ಟಸಕ್ಕೆ ಎತ್ತಿ ಹಿಡಿಯಲಿ. ತುದಿಯಿಂದ ಒಂದು ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಗುರುತು ಹಾಕಿ, ಅಲ್ಲಿಂದ ಮುಂದಿನ ಮೆಟ್ಟಿಲು. ಮೂರು ನಾಲ್ಕು ಮೀಟರಿಗೊಂದು ಮೆಟ್ಟಿಲಾದರೆ ಟೇಪು ಜೋಲುವುದೂ ಕಡಿಮೆ. ಅಳತೆ ಬರೆದುಕೊಳ್ಳಲು ಮೂರನೆಯವರೊಬ್ಬರು ಇದ್ದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಆ ನೋಟುಪುಸ್ತಕ ಈಗಲೂ ಆ ಹುಡುಗಿಯ ಬಳಿಯೇ ಇದೆ.